ಗಿಟಾರೂ ಇದೆ, ದಪ್ಪೂ ಇದೆ, ಧಾರಾವಾಹಿ ಎಲ್ಲಿ?

2022ರ ಜುಲೈ 1ರಂದು ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ವೈಜ್ಞಾನಿಕ ಧಾರಾವಾಹಿಯ ನಾಲ್ಕನೇ ಸೀಸನ್ನಿನ ಕೊನೆಯ ಕಂತುಗಳು ಬಂದವು. ಅದರಲ್ಲೊಂದು ದೃಶ್ಯ. ಎಡ್ಡಿ ಎಂಬ ಉದ್ದಗೂದಲಿನ ಹುಡುಗ ತನ್ನ ಗಾಲಿಮನೆಯ ಛಾವಣಿ ಏರಿ, ಮೆಟಾಲಿಕಾ ತಂಡದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡನ್ನು ಗಿಟಾರಿನಲ್ಲಿ ಕಿವಿ ಗಡಚಿಕ್ಕುವಂತೆ ಬಾರಿಸುತ್ತಾನೆ. ರಾಕ್ಷಸ ಬಾವಲಿಗಳ ದಂಡು ತನ್ನ ಕಡೆ ಬರಲಿ, ಅಷ್ಟರಲ್ಲಿ ಗೆಳೆಯರು ತಮ್ಮ ಕೆಲಸ ಮುಗಿಸಿಕೊಳ್ಳಲಿ ಎಂಬುದು ಅವನ ಉಪಾಯ. ಪ್ರಚಾರ ಅಂದರೂ ಇದೇ ಅಲ್ಲವೇ? ಸದ್ದು ಮಾಡಬೇಕು, ಸುತ್ತಲಿನವರ ಗಮನ ಎಳೆಯಬೇಕು. ಬಾವಲಿಗಳು ಬಂದವು, ಜನರೂ ಬಂದರು. 36 ವರ್ಷ ಹಳೆಯ ಹಾಡು ಅಮೆರಿಕ, ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿ ಹತ್ತಿತು.

ಮೆಟಾಲಿಕಾದವರು ಹಾಡಿನ ಹಕ್ಕು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ಅವರ ಮಗ ಟೈ ಆ ದೃಶ್ಯಕ್ಕೆಂದೇ ಗಿಟಾರ್ ನುಡಿಸಿದ. ಅದೇ ತಿಂಗಳು ತಂಡದವರು ಶಿಕಾಗೋದ ಸಂಗೀತ ಉತ್ಸವದಲ್ಲಿ ಎಡ್ಡಿ ಪಾತ್ರಧಾರಿ ಜೋಸೆಫ್ ಕ್ವಿನ್‌ನನ್ನು ಜತೆಗೆ ಸೇರಿಸಿಕೊಂಡು ಹಾಡು ಬಾರಿಸಿದರು. ಇನ್ನು ಕೇಟ್ ಬುಶ್. ಅದೇ ಸೀಸನ್ನಿಗೆ 1985ರ ತಮ್ಮ ಹಾಡು ಕೊಡುವ ಮೊದಲು ಈ ಗಾಯಕಿ ಅದು ಬರುವ ದೃಶ್ಯದ ಚಿತ್ರಕಥೆಯ ಹಾಳೆ ಓದಿ ನೋಡಿದ್ದರು. ಆಮೇಲೆ ಒಪ್ಪಿದರು. 37 ವರ್ಷದ ನಂತರ ಆ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹಾಡುವವರಿಗೆ ಕಥೆ ಗೊತ್ತಿತ್ತು. ಉಳಿದದ್ದು ತಾನಾಗಿ ಆಯಿತು.

ಅದೇ ವರ್ಷ ನೆಟ್‌ಫ್ಲಿಕ್ಸ್‌ನವರು ಇದೇ ಧಾರಾವಾಹಿಯ ಪ್ರಚಾರಕ್ಕೆ ಇಳಯರಾಜಾ ಅವರ ಬಾಗಿಲು ತಟ್ಟಿದರು. ಅದರ ಶೀರ್ಷಿಕೆ ಸಂಗೀತಕ್ಕೆ ಅವರು ತಮ್ಮ ವಾದ್ಯಗಳ ರೂಪ ಕೊಟ್ಟರು. ಅವರ ‘ಗೀತಾ’ ಸಿನಿಮಾದ ಹಾಡು ಗುನುಗಿ ದೊಡ್ಡವರಾದ ನಮಗೆ ಆ ಸಂಗೀತ ಪರಕೀಯ ಅನಿಸುವುದಿಲ್ಲ. ಆದರೆ ಕನ್ನಡದ ರಾಗ, ಕನ್ನಡದ ದನಿ ಹಿಡಿದು ಇಂಥ ಪ್ರಚಾರ ಬಂದದ್ದನ್ನು ನಾನಂತೂ ಕಂಡಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1960ರ ದಶಕದಿಂದ ನಮ್ಮಲ್ಲಿ ಡಬ್ಬಿಂಗಿಗೆ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ಸಲ್ಲದು ಅಂದಿತು. ಆ ನಡುವಿನ ಕಾಲದಲ್ಲಿ ಹೊರಗಿನ ವೈಜ್ಞಾನಿಕ ಕಥೆ ಕನ್ನಡ ಮಾತಾಡಲಿಲ್ಲ, ನಾವೂ ಗಟ್ಟಿಯಾದದ್ದೊಂದನ್ನು ಮಾಡಲಿಲ್ಲ. 1989ರಲ್ಲಿ ದೂರದರ್ಶನದ ‘ಇಂದ್ರಧನುಷ್’ನಲ್ಲಿ ಗಿರೀಶ ಕಾರ್ನಾಡರನ್ನು ಕಂಡು ಹಿಗ್ಗಿದೆವು, ಆದರೆ ಅದು ಹಿಂದಿ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿಗಳನ್ನು ಬರೆದೇ ಬರೆದರು. ಟಿವಿಯವರು ಮಾತ್ರ ಅತ್ತೆ-ಸೊಸೆಯರ ಅಡುಗೆಮನೆ ಬಿಟ್ಟು ಹೊರಬರಲಿಲ್ಲ.

ಇದು ನಮ್ಮ ಬಿಜಾಪುರ ಭಾಗದವರಿಗೆ ಹೆಚ್ಚು ಚುಚ್ಚಬೇಕು. ಟಿವಿ ನಮ್ಮಲ್ಲಿಗೆ ಬಂದದ್ದೇ ಒಂದು ವೈಜ್ಞಾನಿಕ ಕಥೆಯ ಹಾಗೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹದಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಇಳಿಯಿತು. ‘ಸೈಟ್’ ಎಂಬ ಆ ಪ್ರಯೋಗಕ್ಕೆ ಕರ್ನಾಟಕದಿಂದ ಆರಿಸಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ತಂತಿಬಲೆಯ ದೊಡ್ಡ ಛತ್ರಿ, ಅದರ ಕೆಳಗೊಂದು ಪೆಟ್ಟಿಗೆ, ಎದುರಿಗೆ ನೆಲದ ಮೇಲೆ ಕೂತ ಊರ ಮಂದಿ. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲ ಆಕಾಶದಿಂದ. ಬೆಂಗಳೂರಿಗೆ ದೂರದರ್ಶನ ಬಂದದ್ದು ಆಮೇಲೆ, 1981ರಲ್ಲಿ. ಭೂಮಿಯ ಜತೆಗೇ ಸುತ್ತುವ ಉಪಗ್ರಹಗಳಿಂದ ಲೋಕಕ್ಕೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲೇ ಬರೆದ ಆರ್ಥರ್ ಸಿ. ಕ್ಲಾರ್ಕ್ ಮುಂದೆ ಹೆಸರಾದದ್ದು ವೈಜ್ಞಾನಿಕ ಕಾದಂಬರಿಗಾರ ಎಂದು. ಸೈಟ್ ಕಾರ್ಯಕ್ರಮ ನೋಡಲು ಶ್ರೀಲಂಕಾದ ಅವರ ಮನೆಯಲ್ಲೂ ಒಂದು ಡಿಶ್ ನಿಲ್ಲಿಸಿದ್ದರು. ಅವರು ಬರೆದದ್ದನ್ನು ಹೊಲಗೆಲಸ ಮುಗಿಸಿ ಬಂದ ನಮ್ಮ ಹಿರಿಯರು ಕಣ್ಣಾರೆ ಕಂಡರು. ಇಂಥ ನೆಲದ ಕಥೆಯನ್ನು ಧಾರಾವಾಹಿ ಮಾಡಲು ‘ಸ್ಟ್ರೇಂಜರ್ ಥಿಂಗ್ಸ್’ನವರ ಹಾಗೆ ಹಾಕಿನ್ಸ್ ಎಂಬ ಊರನ್ನು ಹೊಸದಾಗಿ ಕಲ್ಪಿಸಬೇಕೇ? ಇಂಡಿ ಇದೆ, ಸಿಂದಗಿ ಇದೆ.

ಇನ್ನು ಹಾಡಿನ ಮಾತು. ಹಾಡಿ ಜನರನ್ನು ಕೂಡಿಸುವ ವಿದ್ಯೆ ನಮಗೆ ಯಾರೂ ಕಲಿಸಬೇಕಿಲ್ಲ. ಆಗ ಇಂಡಿ ತಾಲೂಕಿನಲ್ಲಿದ್ದ, ಈಗ ಚಡಚಣಕ್ಕೆ ಸೇರಿದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು, ಆಮೇಲೆ ಲಾವಣಿಗಳ ‘ಜೀವನ ಸಂಗೀತ’. ಲಾವಣಿಕಾರನೇ ಆ ಕಾಲದ ಸುದ್ದಿಗಾರ: 1857ರ ಹಲಗಲಿ ಬೇಡರ ದಂಗೆ ಊರೂರು ತಲುಪಿದ್ದು ಲಾವಣಿಯಾಗಿ. ಸ್ವಾತಂತ್ರ್ಯದ ಹೋರಾಟಕ್ಕೂ ಗೀಗೀ ಪದ ದುಡಿಯಿತು. ಮುಂದಿನವ ದಪ್ಪು ಬಾರಿಸುತ್ತ ಒಂದು ನುಡಿ ಎತ್ತಿಕೊಡುತ್ತಾನೆ, ಹಿಂದಿನವರು ತುಂತುಣಿ ಮೀಟುತ್ತ ಎಳೆದು ದನಿಗೂಡಿಸುತ್ತಾರೆ. ಹರದೇಶಿ ಪಕ್ಷ ಒಂದು ಪ್ರಶ್ನೆ ಹಾಕಿದರೆ ಎದುರಿನ ನಾಗೇಶಿ ಪಕ್ಷ ಉತ್ತರ ಕೊಡದೆ ಏಳುವಂತಿಲ್ಲ, ಬೆಳಗಾದರೂ ಸರಿ. ಈಗಲೂ ಬಸವನ ಬಾಗೇವಾಡಿಯ ಜಾತ್ರೆಯಲ್ಲೋ ಮುದ್ದೇಬಿಹಾಳದ ಸಂತೆಯಲ್ಲೋ ನಾಟಕದ ಪ್ರಚಾರಕ್ಕೆ ಮೈಕ್ ಕಟ್ಟಿದ ಆಟೊ ಬರುತ್ತದೆ. ಮೊದಲು ಹಾಡು, ಆಮೇಲೆ ನಾಟಕದ ಹೆಸರು. ಗುಲಾಬಿ ಬಣ್ಣದ ಕರಪತ್ರ ಆರಿಸಲು ಹುಡುಗರು ಹಿಂದೆಯೇ ಓಡುತ್ತಾರೆ.

ರಾಕ್ ನಮ್ಮ ಜಾಯಮಾನಕ್ಕೆ ಹೊಂದದು ಅನ್ನುವವರಿಗೆ ಒಂದು ಮಾತು. 2008ರಲ್ಲಿ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರಿಗೆ ಕೂಡಿಸಿದಾಗ ಯಾರ ಜಾಯಮಾನವೂ ಕೆಡಲಿಲ್ಲ. 2011ರ ಅಕ್ಟೋಬರ್ 30ರಂದು ಅದೇ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಾರಿಸಿ ಹೋಗಿದೆ, ಮೈದಾನ ತುಂಬಿತ್ತು.

ಹಾಡುವವರಿದ್ದಾರೆ, ಕೇಳುವವರೂ ಇದ್ದಾರೆ. ಇಲ್ಲದ್ದು ಅಂಥ ಧಾರಾವಾಹಿ. ನಾಳೆ ಯಾವುದೋ ಕಂಪನಿ ಹೊರಗಿನ ಸರಕಿಗೆ ಕನ್ನಡದ ರ‍್ಯಾಪ್ ಅಂಟಿಸಿ ನಮ್ಮ ಮುಂದೆ ತಂದರೆ ಅದನ್ನು ಕೂಡುಗೆಲಸ ಅನ್ನಲು ನಾನು ತಯಾರಿಲ್ಲ. ಕನ್ನಡದ ವಾಹಿನಿಯವರೇ, ಒಟಿಟಿಯವರೇ, ಮೊದಲು ಕಥೆ ಬರೆಸಿ. ಬರೆಸಿದ ಮೇಲೆ ಒಬ್ಬ ಗಿಟಾರಿನವನನ್ನೂ ಇಂಡಿ ಕಡೆಯ ಒಂದು ಗೀಗೀ ಮೇಳವನ್ನೂ ಒಟ್ಟಿಗೆ ಕೂಡಿಸಿ, ಚಿತ್ರಕಥೆಯನ್ನು ಇಬ್ಬರ ಕೈಗೂ ಮುಂಚೆಯೇ ಕೊಡಿ. ಮೇಳದವರ ಸಂಭಾವನೆಯನ್ನು ಅಂದಂದೇ ಕೊಟ್ಟು ಕಳಿಸಿ.