ಘಟ್ಟ ಹತ್ತದ ಅಂಕಿಗಳು

ಇನ್ವರ್ಟರ್ ಎಂದೊಡನೆ ಮಲೆನಾಡಿಗರಿಗೆ ನೆನಪಾಗುವುದು ಮಳೆಗಾಲದ ಕತ್ತಲೆಯಲ್ಲಿ ಒಂದೆರಡು ದೀಪ ಉರಿಸುವ ಪೆಟ್ಟಿಗೆ. ಅದರದೇ ಬಳಗದ ಇನ್ನೊಂದು ಪೆಟ್ಟಿಗೆ ವಿದ್ಯುತ್ ವಾಹನಗಳ ಒಡಲಲ್ಲಿದೆ. ಬ್ಯಾಟರಿಯ ಡಿ.ಸಿ. ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸಿ, ಮೋಟಾರಿಗೆ ಬೇಕಾದ ಎ.ಸಿ. ವಿದ್ಯುತ್ತನ್ನಾಗಿಸುವುದು ಅದರ ಕೆಲಸ.

ಈ ಪೆಟ್ಟಿಗೆಯನ್ನು ಹಗುರವಾಗಿಸುವ, ಕುಗ್ಗಿಸುವ ಪೈಪೋಟಿ ಜಗತ್ತಿನಾದ್ಯಂತ ನಡೆದಿದೆ. ವಾಹನಗಳ ಇನ್ವರ್ಟರಿಗೆ ಅಮೆರಿಕವು 2017ರಲ್ಲಿ ಹಾಕಿಕೊಂಡ ಗುರಿ, 2025ರೊಳಗೆ ಲೀಟರ್ ಗಾತ್ರಕ್ಕೆ 100 ಕಿಲೋವ್ಯಾಟ್. ವಿಮಾನಗಳಿಗೆಂದು ನಾಸಾ ಬಯಸಿದ್ದು ಕಿಲೋಗ್ರಾಮಿಗೆ 19 ಕಿಲೋವ್ಯಾಟ್. ಸಿಲಿಕಾನ್ ಕಾರ್ಬೈಡ್ ಬಿಲ್ಲೆಗಳು ಇದಕ್ಕೆ ನೆರವಾಗಿವೆ. ಅವುಗಳಲ್ಲಿ ವ್ಯರ್ಥವಾಗುವ ಶಕ್ತಿ ಕಡಿಮೆ ಎಂಬುದನ್ನು ಅಲ್ಲಗಳೆಯಲಾಗದು. ಆಕಾಶಕ್ಕೆ ಏರುವ ಯಂತ್ರದಲ್ಲಿ ಪ್ರತಿ ಕಿಲೋ ಭಾರವೂ ಲೆಕ್ಕಕ್ಕೆ ಬರುವುದು ನ್ಯಾಯವೇ. ಆದರೆ ಹತ್ತಾರು ಪ್ರಯಾಣಿಕರನ್ನು ಹೊತ್ತು ಘಟ್ಟ ಹತ್ತುವ ಬಸ್ಸಿಗೂ ಅದೇ ಅಳತೆಗೋಲೇ?

ಇಂಥ ಅಂಕಿಗಳು ಬಹುಮಟ್ಟಿಗೆ ಗರಿಷ್ಠ ಶಕ್ತಿಯ ಅಂಕಿಗಳು, ಅಂದರೆ ಕೆಲವೇ ಕ್ಷಣ ತಾಳಬಲ್ಲ ಶಕ್ತಿ. ಬಯಲುಸೀಮೆಯಲ್ಲಿ ಮುಂದಿನ ಲಾರಿಯನ್ನು ಹಿಂದಿಕ್ಕಲು ಅಷ್ಟು ಸಾಕು. ಆಗುಂಬೆಯ ತಿರುವುಗಳಲ್ಲಿ ಸಾಲದು. ಏರಿನಲ್ಲಿ ವೇಗ ಕಡಿಮೆ, ಎಳೆತ ಹೆಚ್ಚು. ಎಳೆತ ಹೆಚ್ಚಿದಂತೆ ಕರೆಂಟೂ ಹೆಚ್ಚು, ಅದರೊಡನೆ ಬಿಸಿಯೂ. ಹಗುರವಾದ ಪೆಟ್ಟಿಗೆಗೆ ಆ ಬಿಸಿಯನ್ನು ನುಂಗಿಕೊಳ್ಳುವ ಮೈಯೇ ಇಲ್ಲ. ತಂಪುಗೊಳಿಸುವ ವ್ಯವಸ್ಥೆ ಸೋತರೆ ನಿಯಂತ್ರಕವು ತಾನಾಗಿಯೇ ಶಕ್ತಿ ತಗ್ಗಿಸುತ್ತದೆ. ದಿನವೂ ಕಾದು ಆರುವ ಬೆಸುಗೆಗಳು ಕ್ರಮೇಣ ಬಿರುಕು ಬಿಡುತ್ತವೆ.

ಹಾಗೆ ಕೆಟ್ಟದ್ದನ್ನು ಬಿಚ್ಚಿ ನೋಡೋಣವೆಂದರೆ ಒಳಗೆಲ್ಲ ಗಟ್ಟಿಯಾದ ರಾಳ ಸುರಿದಿರುವುದುಂಟು. ನಮ್ಮ ಮಳೆಗೆ ನೀರು ನುಗ್ಗದ ಕವಚ ಬೇಕು, ನಿಜ. ರಬ್ಬರ್ ಪಟ್ಟಿಯಿಟ್ಟು ತಿರುಪು ಬಿಗಿದ ಮುಚ್ಚಳವೂ ನೀರನ್ನು ತಡೆಯುತ್ತದೆ! ಅದು ತುಸು ಭಾರ, ತುಸು ದೊಡ್ಡದು. ಪೈಪೋಟಿಯ ಅಂಕಿಗೆ ಕುಂದು, ಅಷ್ಟೆ. ಚಿಕ್ಕದೊಂದು ಬಿಡಿಭಾಗ ಸುಟ್ಟರೆ ತಾಮ್ರ, ಅಲ್ಯೂಮಿನಿಯಂ ಸಮೇತ ಇಡೀ ಪೆಟ್ಟಿಗೆಯನ್ನೇ ಎಸೆಯುವುದಾದರೆ ಇದನ್ನು ಹಸಿರು ವಾಹನವೆಂದು ಯಾವ ಬಾಯಿಂದ ಕರೆಯೋಣ? ಆ ತಾಮ್ರದ ಗಣಿಯೂ ಯಾರದೋ ಬೆಟ್ಟದಲ್ಲಿದೆ.

2023ರಲ್ಲೇ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸುಗಳು ಮಡಿಕೇರಿ, ಚಿಕ್ಕಮಗಳೂರುಗಳಿಗೆ ಬಂದಿವೆ. ನಾವು ಅವುಗಳ ವಿರೋಧಿಗಳಲ್ಲ. ಮುಂದಿನ ಟೆಂಡರುಗಳಲ್ಲಿ ಕಿಲೋಗ್ರಾಮಿನ ಲೆಕ್ಕದ ಜೊತೆಗೆ ಎರಡು ಷರತ್ತುಗಳಿರಲಿ: ತುಂಬಿದ ಬಸ್ಸು ಘಟ್ಟದ ಬುಡದಿಂದ ನೆತ್ತಿಯವರೆಗೆ ಎಡೆಬಿಡದೆ ಹತ್ತುವಾಗ ಇನ್ವರ್ಟರ್ ಎಷ್ಟು ಶಕ್ತಿ ಕೊಡಬಲ್ಲದೆಂಬ ಲಿಖಿತ ಅಂಕಿ, ಮತ್ತು ಡಿಪೋದ ತರಬೇತಾದ ಮೆಕ್ಯಾನಿಕ್ ಬಿಚ್ಚಬಹುದಾದ ಮುಚ್ಚಳ.