ಮದ್ದಿಟ್ಟವರು ಯಾರು?

ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಜನರು ನೀರು ಕುಡಿಯದ ಮನೆಯೊಂದಿರುತ್ತದೆ. ಮದುವೆ ಮುಂಜಿಗೆ ಕರೆದರೆ ಹೋಗುತ್ತಾರೆ; ಕುಂಕುಮ ಪಡೆದು, ಊಟದ ಹೊತ್ತಿಗೆ ಏನಾದರೊಂದು ನೆಪ ಹೇಳಿ ಎದ್ದು ಬರುತ್ತಾರೆ. ಆ ಮನೆಯಲ್ಲಿ ಏನು ಕೊಟ್ಟರೂ ತಿನ್ನಬಾರದೆಂದು ಮಕ್ಕಳಿಗೆ ಮೊದಲೇ ಹೇಳಿ ಕಳುಹಿಸುತ್ತಾರೆ. ಕಾರಣ ಕೇಳಿದರೆ ದನಿ ತಗ್ಗಿಸಿ ಹೇಳುವ ಮಾತು ಒಂದೇ: ‘ಅವರು ಮದ್ದು ಹಾಕುತ್ತಾರೆ.’

ಯಾವ ಗಿಡದ ಮದ್ದು? ಯಾವ ಬೇರು, ಯಾವ ಬೀಜ? ಹಾಕಿದ್ದನ್ನು ಕಂಡವರು ಯಾರು? ಈ ಪ್ರಶ್ನೆಗಳಿಗೆ ಉತ್ತರವಿಲ್ಲ. ಉತ್ತರವಿಲ್ಲದಿರುವುದೇ ಆ ಆರೋಪದ ಬಲ. ಆರೋಪ ಹೊತ್ತವಳು ಬಹುಪಾಲು ಹೆಂಗಸು. ಗಂಡನಿಲ್ಲದವಳು, ಒಂಟಿಯಾಗಿ ಬದುಕುವವಳು, ಹೊರಗಿನಿಂದ ಬಂದ ಸೊಸೆ, ಅಥವಾ ಕಾಡಿನ ಸೊಪ್ಪು ಬೇರುಗಳ ಗುರುತು ಬಲ್ಲ ಮುದುಕಿ. ಊರಿನಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ಹೊಟ್ಟೆನೋವು ಬಂದರೆ, ಮೈ ಇಳಿಯತೊಡಗಿದರೆ, ಬೆರಳು ಅವಳತ್ತ ತಿರುಗುತ್ತದೆ. ರೋಗಿಯನ್ನು ಮದ್ದು ತೆಗೆಯುವವರ ಬಳಿಗೆ ಕರೆದೊಯ್ದು ವಾಂತಿ ಮಾಡಿಸುತ್ತಾರೆ. ವಾಂತಿಯಲ್ಲಿ ಬಂದ ಗಂಟೊಂದನ್ನು ತೋರಿಸಿ ‘ಇದೇ ಮದ್ದು’ ಎನ್ನುತ್ತಾರೆ. ಹೊಟ್ಟೆಯ ಹುಣ್ಣು, ಕ್ಷಯ, ಅರ್ಬುದ ಯಾವುದಾಗಿದ್ದರೂ ಅದು ಒಳಗೇ ಬೆಳೆಯುತ್ತಿರುತ್ತದೆ. ಹೀಗೆ ಒಂದೇ ಸುಳ್ಳಿಗೆ ಇಬ್ಬರು ಬಲಿ: ಚಿಕಿತ್ಸೆ ಸಿಗದ ರೋಗಿ, ಮರ್ಯಾದೆ ಕಳೆದುಕೊಂಡ ಹೆಂಗಸು.

ಗಿಡಮರಗಳ ಪರವಾಗಿ ಮಾತನಾಡುವ ಈ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಗಿಡದ ಹೆಸರಿನಲ್ಲಿ ನಡೆಯುವ ಅನ್ಯಾಯದ ಬಗ್ಗೆ ಗಿಡದ ಪರವಾದವರೇ ಮಾತನಾಡದಿದ್ದರೆ ಇನ್ನಾರು ಮಾತನಾಡಬೇಕು?

ಹಿರಿಯರು ಕಟ್ಟಿದ ಬೇಲಿ

ವಿಷದ ಗಿಡಗಳು ನಮ್ಮ ಬೆಟ್ಟದ ಬದುಕಿಗೆ ಹೊಸವಲ್ಲ. ಶಿವನಿಗೆ ಪ್ರಿಯವೆಂದು ಏರಿಸುವ ಉಮ್ಮತ್ತದ ಎಲೆ, ಹೂವು, ಕಾಯಿ, ಬೀಜ ಎಲ್ಲವೂ ವಿಷ; ‘ಉನ್ಮತ್ತ’ ಎಂಬ ಹೆಸರೇ ಅದು ತಲೆಗೆ ಏನು ಮಾಡುತ್ತದೆಂಬುದನ್ನು ಸಾರುತ್ತದೆ. ಭಾದ್ರಪದದ ಹಬ್ಬಕ್ಕೆ ಬೇಲಿಸಾಲಿನಿಂದ ಕೊಯ್ದು ತರುವ ಗೌರಿ ಹೂವಿನ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಉಗ್ರ ವಿಷವಿದೆ. ಆ ವಿಷವನ್ನೇ ಅಳತೆಯಿಂದ ಕೊಟ್ಟರೆ ಸಂಧಿವಾತದ ಒಂದು ಬಗೆಗೆ ಔಷಧ. ರಥಸಪ್ತಮಿಯ ದಿನ ಮೈಮೇಲೆ ಏಳು ಎಕ್ಕದ ಎಲೆಗಳನ್ನಿಟ್ಟು ಸ್ನಾನ ಮಾಡುವ ನಾವು ಆ ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ವಹಿಸುತ್ತೇವೆ. ಅಕ್ಕಸಾಲಿಗರು ಚಿನ್ನ ತೂಗಿದ ಗುಲಗಂಜಿಯನ್ನು ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಬಹುತೇಕ ಹಾಗೆಯೇ ಹೊರಬೀಳುತ್ತದೆ. ಒಡೆದ ಬೀಜವಾದರೆ ಅದರೊಳಗಿನ ಆಬ್ರಿನ್ ಸಾವಿಗೆ ಕಾರಣವಾಗಬಹುದು.

ನಮ್ಮ ಪೂರ್ವಿಕರು ಇವನ್ನು ಬುಡಸಹಿತ ಕಿತ್ತೊಗೆಯಲಿಲ್ಲ. ದೇವರ ತಲೆಯ ಮೇಲೇರಿಸಿ ಅಡಿಗೆಮನೆಯಿಂದ ದೂರವಿಟ್ಟರು. ತುಳುನಾಡಿನ ಆಟಿ ಅಮಾವಾಸ್ಯೆಯನ್ನು ನೋಡಿ. ಸೂರ್ಯೋದಯಕ್ಕೆ ಮೊದಲೇ ಹಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುವ ಪದ್ಧತಿ ಅದು. ಈ ಮರವೇ ಕೇರಳದ ಕಥೆಗಳಲ್ಲಿ ಯಕ್ಷಿಯ ಮನೆ. ಇಂಗ್ಲಿಷಿನವರು ಇದಕ್ಕೆ ದೆವ್ವದ ಮರವೆಂದೇ ಹೆಸರಿಟ್ಟರು. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು. ಏಕೆಂದರೆ ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಮತ್ತು ಅದರ ಬಳಗದ ವಿಷಗಳು. ಆದ್ದರಿಂದ ತಿಳಿದವರು ಹಿಂದಿನ ದಿನ ಬೆಳಕಿರುವಾಗಲೇ ಹೋಗಿ ಮರ ಗುರುತಿಸಿ ದಾರ ಕಟ್ಟಿ ಬರುತ್ತಿದ್ದರು. ಆ ದಾರದಲ್ಲಿ ಭಕ್ತಿಯೂ ಇದೆ, ಸಸ್ಯಶಾಸ್ತ್ರವೂ ಇದೆ. ಇಂದು ಕಷಾಯ ಉಳಿದಿದೆ. ಮರದ ಗುರುತು ಬಲ್ಲವರು ಊರಿಗೊಬ್ಬರೂ ಉಳಿದಿಲ್ಲದ ಸ್ಥಿತಿ ಬರುತ್ತಿದೆ. ಅರಿವು ಹೋಗಿ ಆಚರಣೆ ಮಾತ್ರ ಉಳಿದಾಗ ಅದು ಅಪಾಯ. ಅರಿವು ಹೋಗಿ ಭಯ ಮಾತ್ರ ಉಳಿದಾಗ ಅದು ‘ಮದ್ದು ಹಾಕುವವಳ’ ಕಥೆ.

ಯುರೋಪು ಕಲಿತ ಪಾಠ

ಈ ಕಥೆ ನಮ್ಮಲ್ಲಷ್ಟೇ ಹುಟ್ಟಿದ್ದಲ್ಲ. 15ರಿಂದ 18ನೆಯ ಶತಮಾನದವರೆಗೆ ಯುರೋಪಿನಲ್ಲಿ ಸುಮಾರು 40,000ದಿಂದ 60,000 ಜನರನ್ನು ಮಾಟಗಾತಿಯರೆಂದು ವಿಚಾರಣೆ ನಡೆಸಿ ಕೊಲ್ಲಲಾಯಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. 1486ರಲ್ಲಿ ಹೈನ್‌ರಿಶ್ ಕ್ರಾಮರ್ ಎಂಬ ಪಾದ್ರಿ ಬರೆದ, ಮಾಟಗಾತಿಯರನ್ನು ಹಿಡಿದು ಶಿಕ್ಷಿಸುವ ಕೈಪಿಡಿ ಸೂಲಗಿತ್ತಿಯರ ಮೇಲೆ ವಿಶೇಷವಾಗಿ ಕಿಡಿ ಕಾರಿತು. ಬೆಲ್ಲಡೋನ, ಹೆನ್‌ಬೇನ್, ಮ್ಯಾಂಡ್ರೇಕ್ ಮುಂತಾದ ವಿಷಗಿಡಗಳನ್ನು ಅರೆದು ಮೈಗೆ ಹಚ್ಚಿಕೊಂಡು ಈ ಹೆಂಗಸರು ರಾತ್ರಿ ಆಕಾಶದಲ್ಲಿ ಹಾರುತ್ತಾರೆಂದು ಜನ ನಂಬಿದರು. ಕಲಾವಿದರು ಅದನ್ನು ಚಿತ್ರವಾಗಿಸಿದರು. 1510ರಲ್ಲಿ ಹಾನ್ಸ್ ಬಾಲ್ಡುಂಗ್ ಗ್ರೀನ್ ಕೆತ್ತಿದ ಮರದಚ್ಚಿನ ಚಿತ್ರದಲ್ಲಿ ಬೆತ್ತಲೆ ಹೆಂಗಸರು ಹೊಗೆಯುಗುಳುವ ಗಡಿಗೆಯ ಸುತ್ತ ಕುಳಿತಿದ್ದಾರೆ. ಮೇಲೆ ಒಬ್ಬಳು ಮೇಕೆಯೇರಿ ಹಾರುತ್ತಿದ್ದಾಳೆ. ಅಚ್ಚಿನ ಚಿತ್ರವೆಂದರೆ ಒಂದೇ ಪ್ರತಿಯಲ್ಲ, ಕೈಯಿಂದ ಕೈಗೆ ಹೋಗುವ ನೂರಾರು ಪ್ರತಿ. ಪಿಸುಮಾತಿಗೆ ಹೀಗೆ ರೂಪ ಬಂತು.

ಒಬ್ಬಿಬ್ಬರು ಪರೀಕ್ಷಿಸಲೂ ಮುಂದಾದರು. 1545ರ ಸುಮಾರಿಗೆ ಮೆಟ್ಜ್ ನಗರದ ಬಳಿ ಮಾಟದ ಆರೋಪ ಹೊತ್ತ ದಂಪತಿಗಳ ಮನೆಯಲ್ಲಿ ಸಿಕ್ಕ ಹಸಿರು ಲೇಪವನ್ನು ಆಂದ್ರೇಸ್ ಲಗುನಾ ಎಂಬ ವೈದ್ಯ ನಿದ್ದೆಯಿಲ್ಲದೆ ಬಳಲುತ್ತಿದ್ದ ಒಬ್ಬ ಹೆಂಗಸಿಗೆ ಹಚ್ಚಿಸಿದ. ಆಕೆ ಊರಿನ ನೇಣುಗಾರನ ಹೆಂಡತಿ. ಮೂವತ್ತಾರು ಗಂಟೆ ನಿದ್ದೆಹೋಗಿ, ಎದ್ದ ಮೇಲೆ ತಾನು ಕಂಡ ಸುಖಗಳನ್ನು ಬಣ್ಣಿಸಿದಳಂತೆ. ಅಂದರೆ ಹಾರಿದ್ದು ಮೈಯಲ್ಲ, ಕನಸು. 1563ರಲ್ಲಿ ಯೋಹಾನ್ ವೈಯರ್ ಎಂಬ ಇನ್ನೊಬ್ಬ ವೈದ್ಯ ಈ ಹೆಂಗಸರಿಗೆ ಬೇಕಾದದ್ದು ಚಿತೆಯಲ್ಲ, ಚಿಕಿತ್ಸೆ ಎಂದು ವಾದಿಸಿ ಪುಸ್ತಕವನ್ನೇ ಬರೆದ. ಇಷ್ಟಾದರೂ ಬೆಂಕಿ ಆರಲು ಇನ್ನೂ ಎರಡು ಶತಮಾನ ಬೇಕಾಯಿತು. ಲೇಪದ ಪಾಕಗಳನ್ನು ಬರೆದಿಟ್ಟವರು ಬಹುತೇಕ ಓದುಬಲ್ಲ ಗಂಡಸರು. ಹೆಂಗಸರ ಮಾತಾಗಿ ನಮಗೆ ಸಿಗುವುದು ಹೆಚ್ಚಾಗಿ ಚಿತ್ರಹಿಂಸೆಯ ನಡುವೆ ಹೊರಬಂದ ತಪ್ಪೊಪ್ಪಿಗೆ ಎಂಬುದನ್ನು ನೆನಪಿಡಬೇಕು. ನಮ್ಮೂರಿನಲ್ಲೂ ಮದ್ದಿನ ಪಾಕ ಗೊತ್ತಿರುವುದು ಆರೋಪಿಸುವವರಿಗೇ.

ಅದೇ ನೆಲದಲ್ಲಿ ಇನ್ನೊಂದು ಘಟನೆಯೂ ನಡೆಯಿತು. 1775ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯನಿಗೆ ಶ್ರಾಪ್‌ಷೈರಿನ ಮುದುಕಿಯೊಬ್ಬಳು ಗುಟ್ಟಾಗಿಟ್ಟಿದ್ದ ಜಲೋದರದ ಮದ್ದಿನ ವಿಷಯ ತಿಳಿಯಿತು. ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳ ನಡುವೆ ಕೆಲಸ ಮಾಡುತ್ತಿದ್ದದ್ದು ಫಾಕ್ಸ್‌ಗ್ಲೋವ್ ಎಂಬ ವಿಷಗಿಡವೆಂದು ಆತ ಗುರುತಿಸಿ, ಹತ್ತು ವರ್ಷ ಪರೀಕ್ಷಿಸಿ, 1785ರಲ್ಲಿ ಗೆದ್ದದ್ದನ್ನೂ ಸೋತದ್ದನ್ನೂ ಪ್ರಕಟಿಸಿದ. ಅದೇ ಬಳಗದ ಡಿಗಾಕ್ಸಿನ್ ಇಂದಿಗೂ ಹೃದ್ರೋಗದ ಔಷಧ. ಆ ಮುದುಕಿಯ ಹೆಸರನ್ನು ಮಾತ್ರ ಆತ ಬರೆದಿಡಲಿಲ್ಲ. ಒಂದು ಊರಿನಲ್ಲಿ ಗಿಡ ಬಲ್ಲವಳನ್ನು ಸುಟ್ಟರು, ಇನ್ನೊಂದು ಊರಿನಲ್ಲಿ ಕೇಳಿದರು. ಲೋಕಕ್ಕೆ ಲಾಭವಾದದ್ದು ಯಾವುದರಿಂದ?

ಉಮ್ಮತ್ತದ ಋಣ

ಈಗ ನಮ್ಮ ಮಾತಿಗೆ ಬರೋಣ. ಕನ್ನಡದ ‘ಮದ್ದು’ ವಿಚಿತ್ರ ಶಬ್ದ. ರೋಗಕ್ಕೆ ಕೊಡುವುದು ಮದ್ದು, ಕೋವಿಗೆ ತುಂಬುವುದು ಮದ್ದು, ಮಾಟದಲ್ಲಿ ಇಡುವುದೂ ಮದ್ದು. ಕೊಡಗಿನಲ್ಲಿ ಕಕ್ಕಡ ಹದಿನೆಂಟರಂದು ಪಾಯಸಕ್ಕೆ ಹಾಕುವ ಸೊಪ್ಪು ಮದ್ದುಸೊಪ್ಪು. ತೋಟಕ್ಕೆ ಸಿಂಪಡಿಸುವುದನ್ನೂ ನಾವು ಮದ್ದು ಹೊಡೆಯುವುದು ಎಂದೇ ಕರೆಯುತ್ತೇವೆ. ಹಾಗಾದರೆ ಈ ಊರಿನಲ್ಲಿ ನಿಜವಾಗಿ ಮದ್ದು ಹಾಕುತ್ತಿರುವವರು ಯಾರು?

ಯಾರೂ ಕಾಣದ ಮದ್ದಿಗೆ ಹೆದರಿ ನೆರೆಮನೆಯ ನೀರು ಬಿಟ್ಟವರು, ಕೆಂಪು ತ್ರಿಕೋನದ ಗುರುತಿರುವ ಕೀಟನಾಶಕದ ಡಬ್ಬಿಯನ್ನು ಅಟ್ಟದ ಮೇಲೆ, ಅಕ್ಕಿಮೂಟೆಯ ಪಕ್ಕದಲ್ಲಿ ಇಡುತ್ತೇವೆ. ಖಾಲಿಯಾದ ಡಬ್ಬಿಯನ್ನು ತೊಳೆದು ಎಣ್ಣೆ ತುಂಬುತ್ತೇವೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಮಾಡಿದ 23 ಮಕ್ಕಳು ಸತ್ತರು. ಆ ಅಡಿಗೆಯಲ್ಲಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಯಾವ ಮಾಟಗಾತಿಯ ಗಡಿಗೆಯೂ ಒಂದು ಮಧ್ಯಾಹ್ನದಲ್ಲಿ ಇಷ್ಟು ಮಕ್ಕಳನ್ನು ಕೊಂದ ದಾಖಲೆಯಿಲ್ಲ.

ಇಂಥ ಆರ್ಗನೊಫಾಸ್ಫೇಟ್ ವಿಷ ಹೊಟ್ಟೆಗೆ ಹೋದವನ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಉಮ್ಮತ್ತ ತಿಂದವನದು ಇದಕ್ಕೆ ತದ್ವಿರುದ್ಧ: ಬಾಯೊಣಗುತ್ತದೆ, ಬೆವರು ನಿಲ್ಲುತ್ತದೆ, ಪಾಪೆ ಹಿಗ್ಗುತ್ತದೆ. ಆಸ್ಪತ್ರೆಯಲ್ಲಿ ಕೀಟನಾಶಕ ಕುಡಿದ ರೈತನಿಗೆ ವೈದ್ಯರು ಮೊದಲು ಚುಚ್ಚುವ ಔಷಧ ಅಟ್ರೋಪಿನ್. ಅದನ್ನು ಮೊದಲು ಬೇರ್ಪಡಿಸಿದ್ದು 19ನೆಯ ಶತಮಾನದಲ್ಲಿ, ಮಾಟಗಾತಿಯರ ಗಿಡವೆನಿಸಿದ್ದ ಬೆಲ್ಲಡೋನದಿಂದ. ನಮ್ಮ ಉಮ್ಮತ್ತವೂ ಅದೇ ಬದನೆಯ ಕುಟುಂಬದ್ದು, ಅದರಲ್ಲಿರುವುದೂ ಅದೇ ಬಳಗದ ವಿಷ. ಮಾಟದ ಗಿಡವೆಂದು ನಾವು ಶಪಿಸಿದ ಬಳಗ, ಕಾರ್ಖಾನೆ ಮಾರಿದ ವಿಷದಿಂದ ನಮ್ಮವರನ್ನು ಉಳಿಸುತ್ತಿದೆ. ಇದಕ್ಕಿಂತ ದೊಡ್ಡ ಋಣ ಬೇಕೆ?

ಆಕಾಶದಿಂದ ಬಿದ್ದದ್ದು

ಕಾಸರಗೋಡಿನ ಕಥೆ ಇನ್ನೂ ಕಟುವಾದದ್ದು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಅಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗಡಿಯ ಈಚೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಮುತ್ತಲೂ ಅದೇ ನಡೆಯಿತು. ಕೈಕಾಲು ಸೊರಗಿದ, ಬುದ್ಧಿ ಬೆಳೆಯದ ಮಕ್ಕಳು ಹುಟ್ಟಿದಾಗ ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಅದನ್ನು ದೈವದ ಮುನಿಸೆಂದು ಭಾವಿಸಿದವರಿದ್ದರು. ವಿಷ ಆಕಾಶದಿಂದ ಬೀಳುತ್ತಿತ್ತು. ಜನ ಹರಕೆ ಹೊರುತ್ತಿದ್ದರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನ್ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ದೇಶದಾದ್ಯಂತ ತಡೆಯಿತು. ಅಷ್ಟರಲ್ಲಿ ಒಂದು ತಲೆಮಾರು ಮುಗಿದಿತ್ತು. ಮಾಟದ ಕಥೆ ಯಾರಿಗೆ ಅನುಕೂಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ಕಷ್ಟಕ್ಕೆ ಕಾರಣವನ್ನು ದೈವದಲ್ಲೋ ನೆರೆಮನೆಯ ಮುದುಕಿಯಲ್ಲೋ ಹುಡುಕುವವರೆಗೆ ನಿಜವಾದ ವಿಷದ ಒಡೆಯ ನಿಶ್ಚಿಂತನಾಗಿರುತ್ತಾನೆ.

‘ಗಿಡಮೂಲಿಕೆಯೆಲ್ಲ ಅಮೃತ, ರಾಸಾಯನಿಕವೆಲ್ಲ ವಿಷ ಎನ್ನುತ್ತೀರಾ?’ ಎಂದು ಕೇಳುವವರಿದ್ದಾರೆ. ಇಲ್ಲ. ಉಮ್ಮತ್ತದ ಬೀಜ ಅರೆದು ಉಬ್ಬಸಕ್ಕೆ ಕೊಡುವ ಮನೆಮದ್ದಿಗರನ್ನೂ ನಾವು ಒಪ್ಪುವುದಿಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ, ಒಂದು ಕಾಯಿಯಿಂದ ಇನ್ನೊಂದಕ್ಕೆ ವಿಷದ ಪ್ರಮಾಣ ಬದಲಾಗುತ್ತದೆ. ಪ್ರಮಾಣವೇ ವಿಷವನ್ನು ವಿಷವಾಗಿಸುತ್ತದೆಂದು ಪ್ಯಾರಸೆಲ್ಸಸ್ 16ನೆಯ ಶತಮಾನದಲ್ಲೇ ಸಾರಿದ್ದ. ಕೀಟನಾಶಕ ಹೊಟ್ಟೆಗೆ ಹೋದವನಿಗೂ ಉಮ್ಮತ್ತದ ರಸ ಕುಡಿಸಬಾರದು, ಆಸ್ಪತ್ರೆಗೇ ಒಯ್ಯಬೇಕು. ನಾವು ಕೇಳುವುದು ಅರಿವನ್ನು, ಆರಾಧನೆಯನ್ನಲ್ಲ.

ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರಗಳ ವಿರುದ್ಧದ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದನ್ನು ಸ್ವಾಗತಿಸೋಣ. ಆದರೆ ಪಿಸುಮಾತಿಗೆ ಕಾಯ್ದೆಯ ಕೈ ಎಟುಕದು. ಅದನ್ನು ನಿಲ್ಲಿಸಬೇಕಾದವರು ನಾವೇ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಹಿರಿಯರೊಡನೆ ಬೇಲಿಸಾಲಿನಲ್ಲಿ ನಡೆದು ವಿಷಗಿಡಗಳ ಪಟ್ಟಿ ಮಾಡಿ. ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆದಿಡಿ, ವಿದರಿಂಗ್ ಮಾಡಿದ ತಪ್ಪನ್ನು ಮಾಡಬೇಡಿ. ಕಾಸರಕ ಯಾವುದು, ಹಾಲೆ ಯಾವುದು ಎಂದು ಕಿರಿಯರಿಗೆ ತೋರಿಸಿ. ರೈತ ಬಾಂಧವರೇ, ಕೀಟನಾಶಕದ ಡಬ್ಬಿಗೆ ಬೀಗವಿರಲಿ, ಅಡಿಗೆಮನೆಯ ಕಡೆಗೆ ಅದು ಬರುವುದೇ ಬೇಡ. ಬಗೆಹರಿಯದ ಹೊಟ್ಟೆನೋವಿದ್ದರೆ ವೈದ್ಯರಲ್ಲಿಗೆ ಹೋಗಿ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಖರ್ಚಿಲ್ಲದ್ದು, ಆದರೆ ಎಲ್ಲಕ್ಕಿಂತ ಕಠಿಣವಾದದ್ದು. ಮುಂದಿನ ಹಬ್ಬಕ್ಕೆ ಆ ಮನೆಯವರು ಕರೆದಾಗ ಹೋಗಿ. ನಾಲ್ಕು ಜನರ ಎದುರು ಎಲೆಯ ಮುಂದೆ ಕುಳಿತು ಊಟ ಮಾಡಿ, ಅವರು ಕೊಟ್ಟ ನೀರು ಕುಡಿದು ಬನ್ನಿ.