ಹುಣಸೂರಿನ ತೀರ್ಪೂ ಗವರ್ನರರ ನಾಮಕರಣವೂ

ಸಂಸ್ಥಾನದ ಗವರ್ನರರನ್ನು ಪ್ರಜೆಗಳೇ ಮತಕೊಟ್ಟು ಆರಿಸುವ ಪದ್ಧತಿ ಅಮೆರಿಕಾ ದೇಶದಲ್ಲಿ ಉಂಟು. ಅಲ್ಲಿ ಅಂತಹ ಚುನಾವಣೆಯ ಫಲಿತಾಂಶ ಹೊರಬಿದ್ದಾಗಲೆಲ್ಲ, ಪೂರ್ವಸಂಪ್ರದಾಯವನ್ನು ಹಿಡಿದವರು ಗೆದ್ದರೋ ಮಾರ್ಪಾಟನ್ನು ಬಯಸುವವರು ಗೆದ್ದರೋ ಎಂಬ ಚರ್ಚೆ ಪತ್ರಿಕೆಗಳಲ್ಲಿ ತುಂಬಿರುತ್ತದೆ. ನಮ್ಮ ನಾಡಿನಲ್ಲಿ ಗವರ್ನರರು ಚುನಾಯಿತರಲ್ಲ. ಆದರೂ ಆ ಚರ್ಚೆಯ ತಿರುಳು ನಮಗೆ ಹೊರತಾದುದಲ್ಲ. ರಾಜಕೀಯದಲ್ಲಿ ಸಂಪ್ರದಾಯವೆಂದರೆ ಯಾವುದು? ಅದನ್ನು ಕಾಯುವವರು ಪಕ್ಷಗಳೋ ಮತದಾರರೋ? ಮತದಾರರು ಕೊಟ್ಟ ತೀರ್ಪಿಗೆ ರಾಜಭವನದ ಬಾಗಿಲಲ್ಲಿ ಎಷ್ಟು ಬೆಲೆ? ಮೊದಲ ಎರಡು ಪ್ರಶ್ನೆಗಳಿಗೆ ಮೈಸೂರು ಜಿಲ್ಲೆಯ ಹುಣಸೂರು ಕ್ಷೇತ್ರವು ೨೦೧೯ರ ಡಿಸೆಂಬರಿನಲ್ಲಿ ಉತ್ತರ ಕೊಟ್ಟಿತು. ಮೂರನೆಯದಕ್ಕೆ ಉತ್ತರವು ಮರುವರ್ಷ ಬೆಂಗಳೂರಿನಲ್ಲಿ ದೊರೆಯಿತು. ಎರಡನ್ನೂ ಜೊತೆಯಲ್ಲಿಟ್ಟು ನೋಡುವುದು ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ.

ಗವರ್ನರರು ಚುನಾಯಿತರಾಗಬೇಕೆಂಬುದೇ ನಮ್ಮ ರಾಜ್ಯಾಂಗದ ಕರ್ತೃಗಳ ಮೊದಲ ಅಭಿಪ್ರಾಯವಾಗಿದ್ದಿತೆಂಬುದನ್ನು ಇಂದು ನೆನೆಯುವವರು ಕಡಮೆ. ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಮಿತಿಯು ೧೯೪೭ರಲ್ಲಿ ವಯಸ್ಕ ಮತದಾನದಿಂದ ನೇರವಾಗಿ ಗವರ್ನರರನ್ನು ಆರಿಸಬೇಕೆಂದು ಸೂಚಿಸಿದ್ದಿತು; ರಾಜ್ಯಾಂಗ ಸಭೆಯೂ ಅದನ್ನು ಆಗ ಒಪ್ಪಿದ್ದಿತು. ಆದರೆ ೧೯೪೯ರ ಮೇ ತಿಂಗಳ ಕೊನೆಯಲ್ಲಿ ಅದೇ ಸಭೆಯು ಮನಸ್ಸು ಬದಲಿಸಿ, ರಾಷ್ಟ್ರಾಧ್ಯಕ್ಷರೇ ನೇಮಿಸತಕ್ಕುದೆಂದು ಗೊತ್ತುಮಾಡಿತು. ಒಂದೇ ರಾಜ್ಯದಲ್ಲಿ ಜನರಿಂದ ಆರಿಸಲ್ಪಟ್ಟ ಇಬ್ಬರು ಮುಖ್ಯರಿದ್ದರೆ ಗವರ್ನರರಿಗೂ ಮುಖ್ಯಮಂತ್ರಿಗಳಿಗೂ ಜಗಳ ತಪ್ಪದೆಂಬ ಭಯವೇ ಇದಕ್ಕೆ ಮುಖ್ಯ ಕಾರಣ. ಈ ಏರ್ಪಾಡಿನ ಅರ್ಥ ಸ್ಪಷ್ಟವಾಗಿದೆ: ರಾಜ್ಯಭಾರದಲ್ಲಿ ಪ್ರಜೆಯ ಮಾತು ಶಾಸನಸಭೆಯ ಮೂಲಕವೇ ಕೇಳಿಸಬೇಕು. ಆ ಒಂದು ಬಾಗಿಲಲ್ಲಿ ಪ್ರಜೆಯು ಬೇಡವೆಂದುದನ್ನು ಇನ್ನೊಂದು ಬಾಗಿಲಿನಿಂದ ಒಳಗೆ ಕರೆದುಕೊಂಡರೆ ಏರ್ಪಾಡೇ ವ್ಯರ್ಥವಾಗುತ್ತದೆ.

ಇನ್ನು ಹುಣಸೂರಿನ ವೃತ್ತಾಂತ. ೨೦೧೮ರ ಮೇ ತಿಂಗಳ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದೆ, ಮೊದಲು ಗವರ್ನರರ ಆಹ್ವಾನದಿಂದ ಶ್ರೀ ಯಡಿಯೂರಪ್ಪನವರು ಕೆಲವೇ ದಿನಗಳ ಮಟ್ಟಿಗೆ ಮುಖ್ಯಮಂತ್ರಿಗಳಾಗಿ, ಅನಂತರ ಕಾಂಗ್ರೆಸ್ಸಿನ ಬೆಂಬಲದಿಂದ ಜನತಾ ದಳದ ಶ್ರೀ ಕುಮಾರಸ್ವಾಮಿಯವರ ಮಂತ್ರಿಮಂಡಲ ಏರ್ಪಟ್ಟುದು ಎಲ್ಲರಿಗೂ ತಿಳಿದಿದೆ. ಆ ಚುನಾವಣೆಯಲ್ಲಿ ಜನತಾ ದಳದ ಪರವಾಗಿ ಹುಣಸೂರಿನಿಂದ ಗೆದ್ದವರು ಶ್ರೀ ಅಡಗೂರು ಎಚ್. ವಿಶ್ವನಾಥರು. ಕೃಷ್ಣರಾಜನಗರದಿಂದ ಹಿಂದೆ ಕಾಂಗ್ರೆಸ್ಸಿನ ಶಾಸಕರೂ ಮಂತ್ರಿಗಳೂ, ಮೈಸೂರಿನಿಂದ ಲೋಕಸಭೆಯ ಸದಸ್ಯರೂ ಆಗಿದ್ದ ಅನುಭವಿಗಳು. ಗೆದ್ದ ಕೆಲವು ತಿಂಗಳಲ್ಲಿಯೇ ತಮ್ಮ ಹೊಸ ಪಕ್ಷದ ರಾಜ್ಯಾಧ್ಯಕ್ಷರೂ ಆದರು. ೨೦೧೯ರ ಜುಲೈಯಲ್ಲಿ ಮಂತ್ರಿಮಂಡಲವನ್ನು ಉರುಳಿಸಿದ ಶಾಸಕರ ಗುಂಪಿನಲ್ಲಿ ಅವರೂ ಒಬ್ಬರಾದರು. ಸಭಾಧ್ಯಕ್ಷರು ಒಟ್ಟು ಹದಿನೇಳು ಮಂದಿಯನ್ನು ಅನರ್ಹರೆಂದು ಸಾರಿದರು. ಸುಪ್ರೀಂ ಕೋರ್ಟು ನವೆಂಬರಿನಲ್ಲಿ ಆ ಅನರ್ಹತೆಯನ್ನು ಎತ್ತಿಹಿಡಿಯಿತು; ಆದರೆ ಮರಳಿ ಸ್ಪರ್ಧಿಸಲು ಅಡ್ಡಿಯಿಲ್ಲವೆಂದಿತು.

ಹೀಗೆ ಡಿಸೆಂಬರ್ ೫ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ವಿಶ್ವನಾಥರು ಈ ಸಲ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಗಳು. ರಾಜ್ಯದ ಸರ್ಕಾರ ಅವರ ಪಕ್ಷದ್ದು. ಮಂತ್ರಿಪದವಿಯ ನಿರೀಕ್ಷೆಯೂ ಇದ್ದಿತು. ಹುಣಸೂರನ್ನು ಕೇಂದ್ರವಾಗಿಟ್ಟು ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳನ್ನು ಸೇರಿಸಿ ದೇವರಾಜ ಅರಸರ ಹೆಸರಿನಲ್ಲಿ ಹೊಸ ಜಿಲ್ಲೆಯಾಗಬೇಕೆಂಬ ಬೇಡಿಕೆಯನ್ನೂ ಅವರು ಎತ್ತಿದ್ದರು. ಕಚೇರಿಗಳೂ ಕೆಲಸಗಳೂ ಮನೆಬಾಗಿಲಿಗೆ ಬರುತ್ತವೆಂಬ ಆಶೆ ಸಣ್ಣದಲ್ಲ. ಆದರೂ ಡಿಸೆಂಬರ್ ೯ರಂದು ಎಣಿಕೆಯಾದಾಗ, ೨೦೧೮ರಲ್ಲಿ ತಾವೇ ಸೋಲಿಸಿದ್ದ ಕಾಂಗ್ರೆಸ್ಸಿನ ಶ್ರೀ ಎಚ್. ಪಿ. ಮಂಜುನಾಥರನ್ನು ಹುಣಸೂರಿನ ಜನರು ೩೯,೭೨೭ ಮತಗಳ ಅಂತರದಿಂದ ಗೆಲ್ಲಿಸಿದ್ದರು.

ಇದನ್ನು ಸಂಪ್ರದಾಯದ ತೀರ್ಪೆಂದು ನಾವು ಕರೆಯುತ್ತೇವೆ. ಹುಣಸೂರಿನ ಪೇಟೆಯಿಂದ ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟಿನವರೆಗೆ ಇರುವುದು ಹೊಗೆಸೊಪ್ಪು ಬೆಳೆಯುವ ಒಕ್ಕಲುಗಳ ಸೀಮೆ. ಬ್ಯಾರನ್ನಿಗೆ ಬೇಕಾದ ಸೌದೆಯಾಗಲಿ ಹೊಲಕ್ಕೆ ಬೇಕಾದ ಗೊಬ್ಬರವಾಗಲಿ, ಹರಾಜು ಮುಗಿದ ಮೇಲೆ ಹಣ ಕೊಡುತ್ತೇನೆಂಬ ಮಾತಿನ ಮೇಲೆ ಕೈಗಡವಾಗಿ ಬರುವುದು ಇಂತಹ ಸೀಮೆಯಲ್ಲಿ ಹೊಸದಲ್ಲ. ಮಾತು ತಪ್ಪಿದವನಿಗೆ ಮರುವರ್ಷ ಕಡ ಹುಟ್ಟದು. ಒಕ್ಕಲಿನವನು ತನ್ನ ವ್ಯವಹಾರಕ್ಕೆ ಇಟ್ಟುಕೊಂಡ ಈ ನಿಯಮವನ್ನೇ ತನ್ನ ಪ್ರತಿನಿಧಿಗೂ ಅನ್ವಯಿಸಿದನು. ಇದಕ್ಕಿಂತ ಹಳೆಯದಾದ, ಇದಕ್ಕಿಂತ ಗಟ್ಟಿಯಾದ ರಾಜನೀತಿ ಯಾವುದುಂಟು?

ಆದರೆ ಲೆಕ್ಕವನ್ನು ಒಂದೇ ಪಕ್ಕದಿಂದ ನೋಡುವುದು ಸರಿಯಲ್ಲ. ಅದೇ ದಿನ ಹದಿನೈದರಲ್ಲಿ ಹನ್ನೆರಡು ಕ್ಷೇತ್ರಗಳು ಆಳುವ ಪಕ್ಷಕ್ಕೆ ಒಲಿದವು. ಹುಣಸೂರು, ಶಿವಾಜಿನಗರ, ಹೊಸಕೋಟೆಗಳು ಮಾತ್ರ ಒಲಿಯಲಿಲ್ಲ. ಹುಣಸೂರಿಗೆ ಬಹಳ ದೂರವಲ್ಲದ ಕೃಷ್ಣರಾಜಪೇಟೆಯಲ್ಲಿ, ಜನತಾ ದಳವನ್ನು ಬಿಟ್ಟುಬಂದ ಶಾಸಕರೇ ಮರಳಿ ಆರಿಸಿಬಂದರು. ಅಲ್ಲಿಯ ಜನರಿಗೆ ಮಾತಿನ ಬೆಲೆ ತಿಳಿಯದೆ? ಹಾಗೆನ್ನುವುದು ಅನ್ಯಾಯವಾದೀತು. ಆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದವರು ಮುಖ್ಯಮಂತ್ರಿಗಳಾಗಿದ್ದರು. ಅಲ್ಲದೆ ಹದಿನಾಲ್ಕು ತಿಂಗಳ ಕಚ್ಚಾಟವನ್ನು ಕಂಡು ಬೇಸತ್ತವರಿಗೆ ಸ್ಥಿರವಾದ ಸರ್ಕಾರವೊಂದು ಬೇಕಾಗಿದ್ದಿತು. ನೆಲೆನಿಂತ ರಾಜ್ಯಭಾರವನ್ನು ಬಯಸುವುದೂ ಸಂಪ್ರದಾಯಪರವಾದ ಗುಣವೇ. ಆ ದಿನ ಎರಡು ಹಳೆಯ ಮೌಲ್ಯಗಳು ಎದುರುಬದುರಾಗಿ ನಿಂತವು: ಒಂದು ಸ್ಥಿರತೆ, ಇನ್ನೊಂದು ನಿಷ್ಠೆ. ಬಹಳ ಕಡೆ ಮೊದಲನೆಯದು ಗೆದ್ದಿತು, ಹುಣಸೂರಿನಲ್ಲಿ ಎರಡನೆಯದು. ನಿಷ್ಠೆಯಿಲ್ಲದೆ ಬಂದ ಸ್ಥಿರತೆ ಎಷ್ಟು ಕಾಲ ಬಾಳೀತೆಂಬುದೇ ನಮ್ಮ ಪ್ರಶ್ನೆ. ಆ ಸರ್ಕಾರವೂ ೨೦೨೧ರ ಜುಲೈಯಲ್ಲಿ ಮುಖ್ಯಮಂತ್ರಿಯನ್ನು ಬದಲಿಸಬೇಕಾಯಿತು.

ಇದೆಲ್ಲ ಜಾತಿಯ ಲೆಕ್ಕಾಚಾರವೇ ಹೊರತು ನೀತಿಯಲ್ಲವೆಂದು ಹೇಳುವವರೂ ಉಂಟು. ಜಾತಿಯ ಲೆಕ್ಕ ನಡೆಯುವುದಿಲ್ಲವೆಂದು ನಾವು ಹೇಳೆವು. ಆದರೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಸಂಖ್ಯೆಯಲ್ಲಿ ಅತ್ಯಲ್ಪವಾದ ಸಮುದಾಯಕ್ಕೆ ಸೇರಿದವರು. ೧೯೫೨ರಿಂದ ಮೊದಲ್ಗೊಂಡು ಈ ಕ್ಷೇತ್ರವು ಅವರನ್ನು ಹಲವು ಬಾರಿ ಆರಿಸಿತು. ೧೯೭೨ರಲ್ಲಿ ಮುಖ್ಯಮಂತ್ರಿಗಳಾದ ಅವರು, ಗೇಣಿಯ ಭೂಮಿಯನ್ನು ಉಳುವವನಿಗೆ ಕೊಡಿಸುವ ೧೯೭೪ರ ಶಾಸನವನ್ನು ಜಾರಿಗೆ ತಂದರು; ಹಾವನೂರರ ಆಯೋಗವನ್ನು ನೇಮಿಸಿದರು. ನಾಡಿನ ಹಳೆಯ ಕಟ್ಟನ್ನು ಇಷ್ಟು ಅಲುಗಿಸಿದವರು ಬೇರೆ ಯಾರು? ಆದರೂ ೧೯೭೮ರಲ್ಲಿ ಹುಣಸೂರಿನ ಜನ ಅವರ ಕೈಬಿಡಲಿಲ್ಲ. ನಂಬಿದವರನ್ನು ಬಿಡಬಾರದೆಂಬ ಹಳೆಯ ಗುಣವೇ ಅತ್ಯಂತ ಹೊಸದಾದ ಸುಧಾರಣೆಗೆ ಆಧಾರವಾಯಿತು. ಅಂತಹ ಅರಸರು ಅಧಿಕಾರವನ್ನು ಕಳೆದುಕೊಂಡುದು ಹೇಗೆ? ೧೯೮೦ರ ಜನವರಿಯಲ್ಲಿ ಲೋಕಸಭೆಯ ಚುನಾವಣೆಯಲ್ಲಿ ಗಾಳಿ ತಿರುಗಿದ ಕೂಡಲೇ, ಅವರ ಶಾಸಕರು ಗುಂಪುಗುಂಪಾಗಿ ಇಂದಿರಾ ಕಾಂಗ್ರೆಸ್ಸಿಗೆ ಹೊರಟುಹೋದರು. ಪಕ್ಷಾಂತರದ ಕಹಿಯನ್ನು ಹುಣಸೂರು ತನ್ನ ಮಗನ ಪತನದಲ್ಲಿಯೇ ಕಂಡಿದೆ.

ಈಗ ರಾಜಭವನದ ವಿಷಯ. ಜನರು ತಿರಸ್ಕರಿಸಿ ಎಂಟು ತಿಂಗಳು ತುಂಬುವ ಮೊದಲೇ, ೨೦೨೦ರ ಜುಲೈಯಲ್ಲಿ, ವಿಶ್ವನಾಥರನ್ನು ವಿಧಾನ ಪರಿಷತ್ತಿಗೆ ಗವರ್ನರರು ನಾಮಕರಣ ಮಾಡಿದರು. ಪರಿಷತ್ತಿನ ಎಪ್ಪತ್ತೈದು ಸ್ಥಾನಗಳಲ್ಲಿ ಹನ್ನೊಂದು ನಾಮಕರಣದವು. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಗಳಲ್ಲಿ ವಿಶೇಷ ತಿಳಿವಳಿಕೆಯುಳ್ಳವರಿಗಾಗಿ ಇಟ್ಟವು. ವಿಶ್ವನಾಥರು ಗ್ರಂಥಕರ್ತರು, ಅವರ ಬರಹದ ಯೋಗ್ಯತೆಯನ್ನು ನಾವಿಲ್ಲಿ ಅಳೆಯುವುದಿಲ್ಲ. ಗವರ್ನರರೂ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರಾದುದರಿಂದ ದೋಷವನ್ನೆಲ್ಲ ಅವರ ಮೇಲೆ ಹೊರಿಸುವುದೂ ನ್ಯಾಯವಲ್ಲ. ಆದರೆ ಈ ಸ್ಥಾನದಿಂದ ಮಂತ್ರಿಪದವಿಗೆ ಹೋಗುವ ದಾರಿಯನ್ನು ನೋಡಿದಾಗ ಹೈಕೋರ್ಟು ತಡೆಯಿತು. ೨೦೦೩ರ ತೊಂಬತ್ತೊಂದನೆಯ ತಿದ್ದುಪಡಿಯ ಪ್ರಕಾರ, ಪಕ್ಷಾಂತರದಿಂದ ಅನರ್ಹನಾದವನು ತನ್ನ ಅವಧಿ ಮುಗಿಯುವ ತನಕ, ಇಲ್ಲವೆ ಮರಳಿ ಚುನಾಯಿತನಾಗುವ ತನಕ ಮಂತ್ರಿಯಾಗಲಾರನು. ನಾಮಕರಣವು ಚುನಾವಣೆಯಲ್ಲವೆಂದು ನ್ಯಾಯಾಲಯವು ೨೦೨೦ರ ನವೆಂಬರ್ ೩೦ರಂದು ಹೇಳಿತು. ೨೦೨೧ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಮಾತು ತಪ್ಪಿದವನು ಮಾತು ಕೊಟ್ಟವರ ಮುಂದೆಯೇ ಹೋಗಿ ನಿಲ್ಲಬೇಕೆಂಬ ಹಳ್ಳಿಯ ನ್ಯಾಯವೂ ರಾಜ್ಯಾಂಗದ ಅಕ್ಷರವೂ ಇಲ್ಲಿ ಒಂದೇ ಆದವು. ಆದರೆ ಆ ತಡೆ ಮಂತ್ರಿಪದವಿಗೆ ಮಾತ್ರ. ಪರಿಷತ್ತಿನ ಸದಸ್ಯತ್ವಕ್ಕೆ ಅಲ್ಲ.

ಈ ನಾಲ್ಕು ತಾಲ್ಲೂಕುಗಳ ಮತದಾರರು ಯಾವ ಪಕ್ಷಕ್ಕೂ ಮೀಸಲಾದವರಲ್ಲ. ೨೦೨೩ರ ಮೇ ತಿಂಗಳಲ್ಲಿ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳು ಕಾಂಗ್ರೆಸ್ಸನ್ನು ಆರಿಸಿದವು; ಹುಣಸೂರು ಜನತಾ ದಳವನ್ನು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಹುಣಸೂರೂ ಪಿರಿಯಾಪಟ್ಟಣವೂ ಸೇರಿದ ಮೈಸೂರು-ಕೊಡಗು ಕ್ಷೇತ್ರದಿಂದ ಅರಮನೆಯ ಯದುವೀರ ಒಡೆಯರು ಭಾರತೀಯ ಜನತಾ ಪಕ್ಷದಿಂದ ಗೆದ್ದರು. ಹಳೆಯ ಮನೆತನದ ಗೌರವ ಅಳಿದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಹುಣಸೂರಿನಲ್ಲಿ ಗೆದ್ದ ಶ್ರೀ ಹರೀಶ್ ಗೌಡರು ಶ್ರೀ ಜಿ. ಟಿ. ದೇವೇಗೌಡರ ಮಕ್ಕಳು, ಕೋಟೆಯಲ್ಲಿ ಗೆದ್ದ ಶ್ರೀ ಅನಿಲ್ ಚಿಕ್ಕಮಾದುಗಳು ದಿವಂಗತ ಶಾಸಕ ಚಿಕ್ಕಮಾದುಗಳ ಮಕ್ಕಳು. ಅವರ ಯೋಗ್ಯತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಿಷ್ಠೆಯು ವ್ಯಕ್ತಿಯ ನಡತೆಗೆ ಸಲ್ಲಬೇಕೇ ಹೊರತು ವಂಶಕ್ಕೆ ಸಲ್ಲಬಾರದು. ಸದ್ಗುಣವೇ ದುರಭ್ಯಾಸವಾಗುವುದು ಇಂತಹ ಕಡೆಯಲ್ಲಿಯೇ.

ಆದುದರಿಂದ ನಮ್ಮ ಸೂಚನೆ ಇಷ್ಟು. ಪಕ್ಷಾಂತರದಿಂದ ಅನರ್ಹನಾದವನು ಮರಳಿ ಚುನಾಯಿತನಾಗುವವರೆಗೆ ಅಥವಾ ಅವಧಿ ತೀರುವವರೆಗೆ, ಮಂತ್ರಿಪದವಿಗೆ ಹೇಗೋ ಹಾಗೆಯೇ ನಾಮಕರಣಕ್ಕೂ ಅರ್ಹನಲ್ಲವೆಂದು ಶಾಸನವು ಸ್ಪಷ್ಟವಾಗಿ ಹೇಳಬೇಕು. ಸಂಪ್ರದಾಯದ ಹೆಸರು ಹೇಳುವ ಪಕ್ಷವೂ ಸುಧಾರಣೆಯ ಹೆಸರು ಹೇಳುವ ಪಕ್ಷವೂ ಇದನ್ನು ಒಪ್ಪುವುದಕ್ಕೆ ಹಿಂಜರಿಯಬಾರದು. ಹಿಂಜರಿದರೆ, ತಾವು ಕಾಪಾಡುತ್ತಿರುವುದು ಯಾವುದನ್ನೆಂದು ಅವರೇ ಪ್ರಜೆಗಳಿಗೆ ಹೇಳಬೇಕಾಗುತ್ತದೆ. ಹುಣಸೂರಿನ ಮತದಾರನು ತನ್ನ ಪಾಲಿನ ಕೆಲಸವನ್ನು ಮಾಡಿದ್ದಾನೆ. ಉಳಿದುದು ಶಾಸನ ಮಾಡುವವರ ಪಾಲಿಗೆ ಸೇರಿದ್ದು.